ಮಾಲಕಪ್ರಶ್ನಾನಿರ್ಣಯ (ತಾಂಡೂರು ಪಾಠಾಂತರಸಹಿತ)

ಅಧಿಕಾರ

ಕಟ್ಟಿಸುವವನು ಕಟ್ಟುವವನನ್ನು ಏನು ಕೇಳಬೇಕು, ಯಾವಾಗ ಕೇಳಬೇಕು, ಎಷ್ಟು ಕೇಳಬೇಕು ಎಂಬ ಮೂರನ್ನು ನಿರ್ಣಯಿಸುವುದು ಈ ಗ್ರಂಥದ ಪ್ರಯೋಜನ. ಮನೆ ಕಟ್ಟಿಸುವ ಯೋಚನೆಯಲ್ಲಿರುವವರು, ಈಗಾಗಲೇ ಕಟ್ಟಿಸಿ ಕೈ ಸುಟ್ಟುಕೊಂಡವರು, ಟೆಂಡರ್ ಬರೆಯುವ ಎಂಜಿನಿಯರರು, ಆ ಟೆಂಡರಿನ ಬಾಯಿಗೆ ಬಿದ್ದ ಗುತ್ತಿಗೆದಾರರು ಇದನ್ನು ಓದಲು ಅಧಿಕಾರಿಗಳು. ಬಾಡಿಗೆ ಮನೆಯಲ್ಲಿ ಸುಖವಾಗಿರುವವರು ಮುಂದಿನ ಪುಟಕ್ಕೆ ಹೋಗಬಹುದು.

ಈಚೆಗೆ ಮೆಟ್ರೊ, ಆಸ್ಪತ್ರೆ, ಪಂಪ್‌ಹೌಸುಗಳನ್ನು ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಅದಕ್ಕೆ ಬಿಮ್ ಎಂದು ಹೆಸರು. ಆ ಮಾದರಿಯೊಳಗಿನ ಗೋಡೆ ತಾನು ಯಾವ ಇಟ್ಟಿಗೆಯದು ಎಂದು ಹೇಳಬಲ್ಲದು. ಮೋಟರು ತನ್ನ ಕಂಪನಿ, ನಂಬರು, ಗ್ಯಾರಂಟಿ ಮುಗಿಯುವ ತಾರೀಖು ಹೇಳಬಲ್ಲದು. ಹೇಳಬಲ್ಲದು ಎಂದೆನೇ ಹೊರತು ಹೇಳುತ್ತದೆ ಎನ್ನಲಿಲ್ಲ. ಯಾವ ವಸ್ತುವಿನ ಹೊಟ್ಟೆಯಲ್ಲಿ ಯಾವ ಮಾಹಿತಿ ಇರಬೇಕೆಂದು ದುಡ್ಡು ಕೊಡುವವನು ಮೊದಲೇ ಬರೆದುಕೊಡಬೇಕು. ಅವನು ಬರೆಯದಿದ್ದರೆ ಸಾಫ್ಟ್‌ವೇರಿಗೆ ತೋಚಿದ್ದು ತುಂಬಿಕೊಳ್ಳುತ್ತದೆ, ಮತ್ತು ಸಾಫ್ಟ್‌ವೇರಿಗೆ ತೋಚುವುದು ಬಹಳ.

ದೇಶ

ಈ ಶಾಸ್ತ್ರದ ಉದಾಹರಣೆಗಳನ್ನು ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಿಂದ ಎತ್ತಿಕೊಂಡಿದೆ. ಕಾರಣ ಎರಡು. ಇಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ, ಟೆಂಡರಿನಲ್ಲಿ ಇಂಗ್ಲಿಷು. ಒಂದು ಪ್ರಶ್ನೆ ಮಾಲಕನ ಬಾಯಿಂದ ಹೊರಟು ಗೌಂಡಿಯ ಕಿವಿ ಸೇರುವಷ್ಟರಲ್ಲಿ ನಾಲ್ಕು ವೇಷ ಹಾಕಿರುತ್ತದೆ. ಬಾಯಿಮಾತು ಸಾಕು ಎನ್ನುವ ಪಂಥ ಇಲ್ಲಿ ಉಳಿಯುವುದು ಕಷ್ಟ.

ಎರಡನೆಯದು ಐತಿಹಾಸಿಕ. 1956ರ ನವೆಂಬರ್ 1ರಂದು ಈ ಊರುಗಳೇ ಒಂದು ದೊಡ್ಡ ಹಸ್ತಾಂತರಕ್ಕೆ ಒಳಗಾದವು. ಅಂದಿನ ಹೈದರಾಬಾದ್ ರಾಜ್ಯವನ್ನು ಹಂಚಿದ ರಾಜ್ಯ ಪುನರ್ವಿಂಗಡಣಾ ಕಾಯಿದೆ ಆಂಧ್ರಕ್ಕೆ ಹೋಗತಕ್ಕದ್ದನ್ನು ಹೇಗೆ ಬರೆದಿದೆ ನೋಡಿ: ಗುಲಬರ್ಗಾ ಜಿಲ್ಲೆಯ ಕೊಡಂಗಲ್ ತಾಲೂಕು, ತಾಂಡೂರು ತಾಲೂಕು; ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್. ತಾಲೂಕು ಎಂದರೆ ಸಾಕಾಗುವಲ್ಲಿ ತಾಲೂಕು, ಸಾಲದಿರುವಲ್ಲಿ ಮಾತ್ರ ಸರ್ಕಲ್. ಸರ್ವೆ ನಂಬರಿಗೆ ಇಳಿಯಲಿಲ್ಲ, ಇಳಿಯುವ ಅಗತ್ಯವೂ ಇರಲಿಲ್ಲ. ಹಾಗೆ ಹಂಚಿದ್ದು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆಯನ್ನು ಗಡಿಯ ಆಚೆಗೆ ಮದುವೆಯಾಗಿ ಹೋದ ಸೋದರತ್ತೆಯರಿಗೆ ಬಿಟ್ಟಿದೆ. ಇಲ್ಲಿ ಗಮನಿಸತಕ್ಕದ್ದು ಬರವಣಿಗೆಯ ಹದವನ್ನು ಮಾತ್ರ. ಪ್ರಮಾಣಪ್ರಕರಣದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಲಕ್ಷಣ

ಮಾಲಕನ ಬೇಡಿಕೆ ಎರಡು ವಿಧ: ಕಟ್ಟಡದ ಬೇಡಿಕೆ ಮತ್ತು ಮಾಹಿತಿಯ ಬೇಡಿಕೆ. ಇವೆರಡನ್ನು ಬೆರೆಸುವುದೇ ಸಕಲ ರೋಗಕ್ಕೆ ಮೂಲ.

ಕಟ್ಟಡದ ಬೇಡಿಕೆಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಪಾಯ ತೋಡುವುದಕ್ಕೆ ತಿಂಗಳು ಮುಂಚೆಯೇ ಬಾಗಿಲು ಪೂರ್ವಕ್ಕೆ, ಅಡಿಗೆಮನೆ ಆಗ್ನೇಯಕ್ಕೆ, ಯಜಮಾನನ ಮಲಗುವ ಕೋಣೆ ನೈಋತ್ಯಕ್ಕೆ, ಬೋರು ಈಶಾನ್ಯಕ್ಕೆ ಎಂದು ಗೊತ್ತಾಗಿರುತ್ತದೆ. ಈಶಾನ್ಯದಲ್ಲಿ ಸಂಡಾಸು ಬಂದರೆ ಎಂಜಿನಿಯರನನ್ನೇ ಬದಲಿಸುತ್ತಾರೆ. ಇದರ ಶಿಸ್ತನ್ನು ಗಮನಿಸಬೇಕು. ಬೇಡಿಕೆ ನಕ್ಷೆಗಿಂತ ಮೊದಲು ಹುಟ್ಟುತ್ತದೆ, ಸ್ಪಷ್ಟವಾಗಿರುತ್ತದೆ, ದಿಕ್ಸೂಚಿ ಹಿಡಿದು ಪರೀಕ್ಷಿಸಬಹುದು, ಒಪ್ಪುವ ಅಥವಾ ತಳ್ಳಿಹಾಕುವ ಅಧಿಕಾರಿ ಯಾರೆಂಬುದು ಎಲ್ಲರಿಗೂ ಗೊತ್ತು, ಅವರ ದಕ್ಷಿಣೆಯೂ ಗೊತ್ತು. ಲಂಡನ್ನಿನ ಸಲಹೆಗಾರರು ಲಕ್ಷಗಟ್ಟಲೆ ಫೀಸು ತೆಗೆದುಕೊಂಡು ಕಲಿಸುವ ಗುಣಗಳೆಲ್ಲ ಇದರಲ್ಲಿವೆ.

ಆದರೆ ಇದೇ ಬೋರಿನ ವಿಷಯದಲ್ಲಿ ಮಾಹಿತಿಯ ಬೇಡಿಕೆ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಬೋರ್ ಲಾರಿ ರಾತ್ರಿ ಬರುತ್ತದೆ, ಬೆಳಗಿನ ಜಾವದವರೆಗೆ ಬೀದಿಯೆಲ್ಲ ಬಿಳಿ ಧೂಳು ಮಾಡುತ್ತದೆ, ನೀರು ಚಿಮ್ಮಿದೊಡನೆ ತೆಂಗಿನಕಾಯಿ ಒಡೆಯುತ್ತಾರೆ, ಲೆಕ್ಕ ಚುಕ್ತಾ ಆಗುತ್ತದೆ, ಲಾರಿ ಹೋಗುತ್ತದೆ. ನಾಲ್ಕು ಬೇಸಿಗೆ ಕಳೆದ ಮೇಲೆ ಮೋಟರು ಸುಡುತ್ತದೆ. ಎತ್ತಲು ಬಂದ ಹುಡುಗ ಕೇಳುವುದು ಒಂದೇ ಪ್ರಶ್ನೆ.

‘ಕಾಕಾ, ಮೋಟರ್ ಎಷ್ಟ್ ಪೈಪಿಗಿ ಬಿಟ್ಟೀರಿ?’

‘ಹದಿನೆಂಟೋ ಇಪ್ಪತ್ತೋ ಇರಬೇಕಪ್ಪ. ನಿಮ್ಮ ಕಾಕಿಗಿ ಕೇಳು.’

‘ಕೇಸಿಂಗ್ ಎಷ್ಟ್ ಫೂಟ್ ಅದ?’

ಕಾಕಾ ಆಕಾಶ ನೋಡುತ್ತಾರೆ. ಬೋರು ಈಶಾನ್ಯದಲ್ಲೇ ಇದೆ. ಅದರ ಆಳ, ಕೇಸಿಂಗಿನ ಉದ್ದ, ನೀರು ಸಿಕ್ಕ ಮಟ್ಟ, ಮೋಟರು ಕೂತಿರುವ ಮಟ್ಟ ಎಂಬ ನಾಲ್ಕು ಅಂಕಿ ಲಾರಿಯವನ ತಲೆಯಲ್ಲಿ ಹೊರಟುಹೋಗಿವೆ. ಆ ರಾತ್ರಿ ಕೇಳಿದ್ದರೆ ಪುಕ್ಕಟೆ ಬರೆದುಕೊಡುತ್ತಿದ್ದ. ಮಾಹಿತಿಯ ಬೇಡಿಕೆ ಎಂದರೆ ಆ ನಾಲ್ಕು ಅಂಕಿ. ಯಾವ ದಿನ ಯಾರು ಯಾವ ತೀರ್ಮಾನ ಮಾಡಬೇಕಾಗುತ್ತದೋ ಅದಕ್ಕೆ ತಕ್ಕ ಸಂಗತಿಯನ್ನು, ಅದು ಹುಟ್ಟುವ ಕ್ಷಣದಲ್ಲಿ ಬರೆಸಿಕೊಳ್ಳುವ ಏರ್ಪಾಡು. ಈ ಲಕ್ಷಣಕ್ಕೆ ಅವ್ಯಾಪ್ತಿ ಅತಿವ್ಯಾಪ್ತಿ ದೋಷಗಳಿಲ್ಲವೆಂದು ನನ್ನ ನಂಬಿಕೆ.

ಭೇದ

ಮಾಹಿತಿಯ ಬೇಡಿಕೆ ನಾಲ್ಕು ವಿಧವೆಂದು ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಗ್ರಂಥ ಹೇಳುತ್ತದೆ. ಅದರ ಮೊದಲೆರಡು ಭಾಗಗಳು 2018ರಲ್ಲಿ ಹೊರಬಂದವು. ಸಂಸ್ಥೆಗೆ ಬೇಕಾದದ್ದು, ಆಸ್ತಿಗೆ ಬೇಕಾದದ್ದು, ಯೋಜನೆಗೆ ಬೇಕಾದದ್ದು, ಕೊಡು-ಕೊಳ್ಳುವಿಕೆಗೆ ಬೇಕಾದದ್ದು. ಧರ್ಮಾರ್ಥಕಾಮಮೋಕ್ಷಗಳಿಗೆ ಇವನ್ನು ಹೊಂದಿಸುವ ಒಂದು ಪಂಥ ಇರಬಹುದಿತ್ತು. ಯೋಜನೆಯೇ ಕಾಮ, ಹಸ್ತಾಂತರವೇ ಮೋಕ್ಷ ಎಂದು ಅವರು ವಾದಿಸುತ್ತಿದ್ದರು. ಫೈನಲ್ ಬಿಲ್ ಪಾಸಾಗದ ಗುತ್ತಿಗೆದಾರರು ಈ ಮೋಕ್ಷವನ್ನು ಒಪ್ಪುವುದಿಲ್ಲವಾದ್ದರಿಂದ ಕೈಬಿಟ್ಟಿದೆ.

ಉದಾಹರಣೆಗೆ ನಾರಾಯಣಖೇಡ. 2022ರ ಫೆಬ್ರವರಿ 21ರಂದು ಅಲ್ಲಿ ಸಂಗಮೇಶ್ವರ, ಬಸವೇಶ್ವರ ಎಂಬ ಎರಡು ಏತ ನೀರಾವರಿ ಯೋಜನೆಗಳಿಗೆ ಶಂಕುಸ್ಥಾಪನೆ ಆಯಿತು. ಮಂಜೀರಾ ನದಿಯ ಸಿಂಗೂರು ಜಲಾಶಯದಿಂದ ನೀರೆತ್ತಿ ಎರಡೂ ಸೇರಿ 3.84 ಲಕ್ಷ ಎಕರೆಗೆ ಕೊಡುವುದು ಆಗಿನ ಗುರಿ. ಇಂಥ ಯೋಜನೆಯಲ್ಲಿ ನೀರಾವರಿ ಇಲಾಖೆ ಕೊನೆಗೆ ಉತ್ತರಿಸಬೇಕಾದದ್ದು ಒಂದು ಎಕರೆಗೆ ಎಷ್ಟು ಕರೆಂಟು ಬಿಲ್ಲು ಬಿತ್ತು ಎಂಬುದಕ್ಕೆ. ಅದು ಸಂಸ್ಥೆಯ ಪ್ರಶ್ನೆ. ಪಂಪ್‌ಹೌಸಿನ ಆಪರೇಟರನಿಗೆ ಎರಡನೇ ಪಂಪಿನ ಬೇರಿಂಗ್ ನಂಬರು ಬೇಕು. ಅದು ಆಸ್ತಿಯ ಪ್ರಶ್ನೆ. ಕಾಲುವೆ ಯಾವ ಕಿಲೋಮೀಟರಿನಲ್ಲಿ ಯಾರ ಹೊಲ ಸಿಗದೆ ನಿಂತಿದೆ ಎಂಬುದು ಯೋಜನೆಯ ಪ್ರಶ್ನೆ, ಮತ್ತು ಇದನ್ನು ಕಾಲುವೆ ಮುಗಿದ ಮೇಲೆ ಯಾರೂ ಕೇಳುವುದಿಲ್ಲ. ಇವೆಲ್ಲದರ ಉತ್ತರವನ್ನು ಯಾರು, ಯಾವ ತಾರೀಖಿಗೆ, ಯಾವ ರೂಪದ ಫೈಲಿನಲ್ಲಿ ಕೊಡಬೇಕು ಎಂಬುದು ನಾಲ್ಕನೆಯದು. ಟೆಂಡರಿಗೆ ಸೇರುವುದು ಈ ನಾಲ್ಕನೆಯದೊಂದೇ. ಅದನ್ನು ಬರೆಯಬೇಕಾದರೆ ಮೊದಲ ಮೂರನ್ನು ಯೋಚಿಸಿರಬೇಕು. ನೇರವಾಗಿ ನಾಲ್ಕನೆಯದನ್ನು ಬರೆಯುವವರೇ ಹೆಚ್ಚು. ಅವರನ್ನು ಮುಂದಿನ ಪ್ರಕರಣದಲ್ಲಿ ವಿಚಾರಿಸಿಕೊಳ್ಳೋಣ.

ಮಾಲಕಭೇದ

ಮಾಲಕರಲ್ಲಿ ಮೌನಿ ಮೊದಲಿಗ. ‘ನಿಮಗೇ ಎಲ್ಲಾ ಗೊತ್ತದ, ನೋಡಿ ಮಾಡ್ರಿ’ ಎಂಬುದು ಅವನ ಏಕೈಕ ವಾಕ್ಯ. ಇದರ ಉತ್ತರಾರ್ಧ ಗೃಹಪ್ರವೇಶದ ಮಾರನೆ ದಿನ ಹೊರಬೀಳುತ್ತದೆ.

ಎರಡನೆಯವನು ಸರ್ವಾಪೇಕ್ಷಿ. ಮೌನಿಗಿಂತ ಇವನು ಅಪಾಯಕಾರಿ, ಏಕೆಂದರೆ ಇವನು ತಿಳಿದವನಂತೆ ಕಾಣುತ್ತಾನೆ. ‘ಎಲ್ಲಾ ಬೇಕ್ರಿ, ಏನೂ ಬಿಡಬ್ಯಾಡ್ರಿ.’ ಮಾದರಿಯ ಸೂಕ್ಷ್ಮತೆಗೆ ಅಮೆರಿಕದ ವಾಸ್ತುಶಿಲ್ಪಿಗಳ ಸಂಘ 2008ರಲ್ಲಿ 100ರಿಂದ 500ರವರೆಗೆ ಐದು ಮೆಟ್ಟಿಲು ಕಟ್ಟಿತು. ಸರ್ವಾಪೇಕ್ಷಿ ಹಿಂದುಮುಂದು ನೋಡದೆ ಎಲ್ಲಕ್ಕೂ 500 ಎಂದು ಬರೆಯುತ್ತಾನೆ. ದೊಡ್ಡ ನಂಬರು ಎಂದರೆ ದೊಡ್ಡ ಗೌರವ ಎಂಬ ಭಾವನೆ. ಫಲವಾಗಿ ಕಿಟಕಿಯ ಕೀಲಿನ ತಿರುಪು ಕೂಡ ಮೂರು ಆಯಾಮದಲ್ಲಿ ಮೂಡುತ್ತದೆ. ಫೈಲು ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು. ತೆರೆದ ಮೇಲೆ ಮುಖ್ಯ ವಾಲ್ವು ಯಾವ ಕೋಣೆಯಲ್ಲಿದೆ ಎಂದು ಹುಡುಕಿದರೆ ಸಿಕ್ಕುವುದಿಲ್ಲ, ಏಕೆಂದರೆ ಹುಡುಕುವವನೊಬ್ಬ ಬರುತ್ತಾನೆಂದು ಯಾರೂ ಯೋಚಿಸಿರಲಿಲ್ಲ. ಹಾರ್ಡ್‌ ಡಿಸ್ಕು ಕಪಾಟು ಸೇರುತ್ತದೆ. ಕಪಾಟಿನ ಕೀಲಿ ವರ್ಗವಾಗಿ ಹೋದ ಸಾಹೇಬರ ಬಳಿ ಇರುತ್ತದೆ.

ಪ್ರತಿಲಿಪಿಕಾರನದು ಬೇರೆ ಜಾತಿ. ಬ್ರಿಟಿಷ್ ಸರ್ಕಾರ ತನ್ನ ಕೇಂದ್ರ ಯೋಜನೆಗಳಿಗೆ 2016ರ ಏಪ್ರಿಲ್‌ನಿಂದ ಬಿಮ್ ಕಡ್ಡಾಯ ಮಾಡಿತಲ್ಲ, ಆ ಕಾಲದಲ್ಲಿ ಅಲ್ಲಿ ಬರೆದ ಬೇಡಿಕೆಪಟ್ಟಿಗಳು ಜಗತ್ತೆಲ್ಲ ಸುತ್ತಿವೆ. ಪ್ರತಿಲಿಪಿಕಾರ ಅವುಗಳಲ್ಲೊಂದನ್ನು ಇಳಿಸಿಕೊಂಡು ಮೇಲಿನ ಹೆಸರು ತಿದ್ದುತ್ತಾನೆ. ನಾರಾಯಣಖೇಡದ ಉಗ್ರಾಣಕ್ಕೆ ಛಾವಣಿಯ ಮೇಲಿನ ಹಿಮದ ಭಾರ, ಮನೆ ಬೆಚ್ಚಗಿಡುವ ಬಾಯ್ಲರಿನ ನಿರ್ವಹಣಾ ಪುಸ್ತಕ ಇವೆಲ್ಲ ಬೇಕಾಗುವುದು ಹೀಗೆ. ಇದರಲ್ಲಿ ಉತ್ತಮ, ಮಧ್ಯಮ, ಅಧಮ ಎಂದು ಮೂರು. ಹೆಸರು ತಿದ್ದಿದವನು ಉತ್ತಮ, ಒಂದು ಪುಟದಲ್ಲಿ ಮರೆತವನು ಮಧ್ಯಮ, ಮುಖಪುಟದಲ್ಲೇ ಮರೆತವನು ಅಧಮ.

ಪರಮುಖಿ ಎಂಬವನು ತಾನು ಕೇಳುವುದಿಲ್ಲ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯನಿಂದ ಫೋನಿನಲ್ಲಿ ಕೇಳಿಸುತ್ತಾನೆ. ಅಳಿಯಂದಿರು ಲೈನಿಗೆ ಬಂದ ಮೇಲೆ ಗೌಂಡಿ ಎಲ್ಲದಕ್ಕೂ ‘ಹ್ಞೂಂ ಸರ್’ ಎನ್ನುತ್ತಾನೆ. ಸಮಿತಿರೂಪಿ ಸರ್ಕಾರಿ ವಲಯದಲ್ಲಿ ಕಂಡುಬರುತ್ತಾನೆ. ಅವನಿಗೆ ತಲೆ ಅನೇಕ, ನೆನಪು ಒಂದೂ ಇಲ್ಲ.

ವಿಲಂಬಿಯನ್ನು ಕಾಲಪ್ರಕರಣಕ್ಕೆ ಮೀಸಲಿಟ್ಟಿದೆ. ಇನ್ನು ಸಾಧು. ಇವನು ಬಂದು ಕೂತು, ‘ಕಟ್ಟಡ ಮುಗಿದ ಮ್ಯಾಲ ಇದನ್ನ ನಡೆಸುವಾವ ನನ್ನ ತಮ್ಮ. ಅವಂಗ ಏನೇನು ಬೇಕೋ ಅವನ್ನ ಕೇಳ್ರಿ’ ಎನ್ನುತ್ತಾನೆ. ಅಪರೂಪ. ಕಂಡರೆ ಕೈ ಮುಗಿಯಿರಿ.

ಕಾಲ

ಐಎಸ್‌ಒ ಗ್ರಂಥದ ಎರಡನೆಯ ಭಾಗ ಯೋಜನೆಯ ಮಾಹಿತಿ ನಿರ್ವಹಣೆಯನ್ನು ಎಂಟು ಹೆಜ್ಜೆಯಾಗಿ ವಿಂಗಡಿಸಿದೆ. ಮೊದಲನೆಯದು ಅಗತ್ಯದ ವಿಚಾರ, ಎರಡನೆಯದು ಟೆಂಡರ್ ಕರೆಯುವುದು, ಹೀಗೆ ಹೋಗಿ ಎಂಟನೆಯದು ಯೋಜನೆ ಮುಗಿಸುವುದು. ಯೋಗಶಾಸ್ತ್ರದಲ್ಲೂ ಅಂಗಗಳು ಎಂಟೇ. ಯಮನಿಯಮಗಳನ್ನು ಬಿಟ್ಟು ನೇರ ಸಮಾಧಿಗೆ ಹಾರುವವರು ಅಲ್ಲಿ ಎಷ್ಟಿದ್ದಾರೋ ಇಲ್ಲೂ ಅಷ್ಟೇ ಇದ್ದಾರೆ. ಮೊದಲೆರಡು ಹೆಜ್ಜೆ ಪೂರ್ತಿ ಮಾಲಕನವು ಎಂಬುದನ್ನು ಯಾರೂ ಅವನಿಗೆ ಹೇಳುವುದಿಲ್ಲ. ಹೇಳಬೇಕಾದ ಸಲಹೆಗಾರ ಮೂರನೆಯ ಹೆಜ್ಜೆಯಲ್ಲಿ ಕೆಲಸಕ್ಕೆ ಸೇರಿರುತ್ತಾನೆ.

ಕೇಳುವುದನ್ನೆಲ್ಲ ಟೆಂಡರಿಗೆ ಮುಂಚೆಯೇ ಕೇಳಬೇಕು. ಆ ಗಡಿ ಯಾಕೆ? ದರ ಗೊತ್ತಾಗುವುದು ಅಲ್ಲಿ. ದರಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯನ್ನು ನಂತರ ಕೇಳಿದರೆ ಅದಕ್ಕೆ ‘ಎಕ್ಸ್‌ಟ್ರಾ ಐಟಂ’ ಎಂದು ಹೆಸರು, ಮತ್ತು ಎಕ್ಸ್‌ಟ್ರಾ ಐಟಂಗೆ ಪೈಪೋಟಿ ಇಲ್ಲ. ವಿಲಂಬಿ ಇಲ್ಲಿ ಸಿಕ್ಕಿಕೊಳ್ಳುತ್ತಾನೆ. ಸ್ಲ್ಯಾಬ್ ಬಿದ್ದ ಮೇಲೆ ಅದರೊಳಗಿನ ಪೈಪಿನ ಫೋಟೊ ಕೇಳುತ್ತಾನೆ. ಗಿಲಾವ ಆದ ಮೇಲೆ ವೈರಿಂಗ್ ನಕ್ಷೆ ಕೇಳುತ್ತಾನೆ. ಸಿಡ್ನಿಯ ಒಪೆರಾ ಹೌಸ್ ಈ ಪಂಥದ ಮಹಾಕ್ಷೇತ್ರ: ಚಾವಣಿಯ ಆಕಾರ ಲೆಕ್ಕಕ್ಕೆ ಸಿಗುವ ಮೊದಲೇ 1959ರಲ್ಲಿ ಕೆಲಸ ಸುರುವಾಯಿತು, ಕಟ್ಟಿದ ಕಂಬಗಳು ಆ ಭಾರಕ್ಕೆ ಸಾಲದೆ ಮತ್ತೆ ಕಟ್ಟಬೇಕಾಯಿತು, 70 ಲಕ್ಷ ಡಾಲರಿನ ಅಂದಾಜು 1973ರಲ್ಲಿ ಮುಗಿಯುವಾಗ 10 ಕೋಟಿ 20 ಲಕ್ಷ ಆಗಿತ್ತು. ಅಲ್ಲಿ ನೋಡಲು ಜನ ಬರುತ್ತಾರೆ, ಟಿಕೆಟ್ಟು ಕೊಳ್ಳುತ್ತಾರೆ. ಜಹೀರಾಬಾದಿನ ಮನೆಯ ನೀರಿನ ಸಂಪಿಗೆ ಆ ಅನುಕೂಲವಿಲ್ಲ.

ಪ್ರಮಾಣ

ಎಷ್ಟು ಕೇಳಬೇಕು ಎಂಬ ವಿಷಯದಲ್ಲಿ ತಾಂಡೂರು ಪಾಠಾಂತರವೇ ಶ್ರೇಷ್ಠ. ಅಲ್ಲಿ ನೆಲದಿಂದ ಪದರಪದರವಾಗಿ ಏಳುವ ಸುಣ್ಣಕಲ್ಲನ್ನು ಸೀಳಿ, ಪಾಲಿಶ್ ಹೊಡೆದು ದೇಶಕ್ಕೆಲ್ಲ ಕಳಿಸುತ್ತಾರೆ. ಗಡಿ ದಾಟಿ ಕಲಬುರಗಿ ಕಡೆ ಬಂದರೆ ಅದೇ ಶಹಾಬಾದಿ ಪರ್ಸಿ. ಕಲ್ಲಿನ ಅಂಗಡಿಗೆ ಹೋಗಿ ರೇಟು ಎಷ್ಟು ಎಂದು ಕೇಳಿ ನೋಡಿ. ಸೇಠ್ ರೇಟು ಹೇಳುವುದಿಲ್ಲ. ನೀಲಿಯೋ ಹಳದಿಯೋ? ಸೈಜು ಎಷ್ಟು? ದಪ್ಪ ಎಷ್ಟು? ಪಾಲಿಶ್ ಆಗಬೇಕೋ ಹಾಗೇ ಇರಲೋ? ಅಂಚು ಮಷೀನ್ ಕಟಿಂಗ್ ಬೇಕೋ? ಎಷ್ಟು ಚದರಡಿ, ಯಾವ ಊರಿಗೆ, ಲಾರಿ ನಿಮ್ಮದೋ ನಮ್ಮದೋ? ಇಷ್ಟಕ್ಕೆ ಉತ್ತರ ಬಂದ ಮೇಲೆ ಕ್ಯಾಲ್ಕುಲೇಟರ್ ಕೈಗೆ ಬರುತ್ತದೆ. ಈ ಕಲ್ಲು ಭೀಮಾ ಶಿಲಾಸ್ತರಕ್ಕೆ ಸೇರಿದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸೇಠ್ ಅದನ್ನು ಹೇಳುವುದೂ ಇಲ್ಲ, ಗಿರಾಕಿ ಕೇಳುವುದೂ ಇಲ್ಲ. ನೆಲಕ್ಕೆ ಹಾಸುವ ತೀರ್ಮಾನಕ್ಕೆ ಅದು ಬೇಡ. ಕೋಟಿಗಟ್ಟಲೆಯ ಟೆಂಡರು ಬರೆಯುವವರು ಈ ಅಂಗಡಿಯ ಮುಂದೆ ಒಂದು ಮಧ್ಯಾಹ್ನ ಕೂತು ಹೋಗಬೇಕೆಂದು ನನ್ನ ಸಲಹೆ.

ತೆಲಂಗಾಣ ಸರ್ಕಾರಕ್ಕೂ ಈ ವಿದ್ಯೆ ಒಮ್ಮೆ ಒಲಿದಿದೆ. 2020ರಲ್ಲಿ ಬಂದ ಟಿಎಸ್-ಬಿಪಾಸ್ ಎಂಬ ಕಟ್ಟಡ ಪರವಾನಗಿ ವ್ಯವಸ್ಥೆಯಲ್ಲಿ 75 ಚದರ ಗಜದೊಳಗಿನ ಜಾಗದ ಸಣ್ಣ ಮನೆಗೆ ಒಂದು ರೂಪಾಯಿ ಕೊಟ್ಟು ಹೆಸರು ನೋಂದಾಯಿಸಿದರೆ ಸಾಕಿತ್ತು. 600 ಚದರ ಗಜದವರೆಗೆ, 10 ಮೀಟರ್ ಎತ್ತರದವರೆಗೆ ಮಾಲಕನ ಸ್ವಯಂದೃಢೀಕರಣವೇ ಆಧಾರವಾಗಿತ್ತು. ಜಾಗ ದೊಡ್ಡದಾದಂತೆ ಪ್ರಶ್ನೆ ಹೆಚ್ಚುತ್ತಿತ್ತು. 1956ರ ಕಾಯಿದೆ ತಾಲೂಕಿಗೂ ಸರ್ಕಲಿಗೂ ಮಾಡಿದ ವಿವೇಚನೆ ಇದೇ. ತಮಾಷೆಯೆಂದರೆ, ಬೇರೆಯವರ ಮನೆಗೆ ಇಷ್ಟು ಚೆನ್ನಾಗಿ ಪ್ರಶ್ನೆ ಅಳೆಯುವ ಸರ್ಕಾರಗಳು ತಮ್ಮ ಕಟ್ಟಡಕ್ಕೆ ಬಂದಾಗ ಸರ್ವಾಪೇಕ್ಷಿಯಾಗುತ್ತವೆ.

ಅಜಾತಮಾಲಕ

ಇಲ್ಲಿಯವರೆಗೆ ಮಾಲಕನಿದ್ದಾನೆ ಎಂದು ಇಟ್ಟುಕೊಂಡು ಬಂದೆವು. ಮಾಲಕನೇ ಇನ್ನೂ ಹುಟ್ಟಿಲ್ಲದಿದ್ದರೆ? ಇದು ಶಾಸ್ತ್ರದ ಅತ್ಯಂತ ಕಠಿಣ ಸ್ಥಳ, ಮತ್ತು ಇದಕ್ಕೆ ಉದಾಹರಣೆ ಜಹೀರಾಬಾದಿನಲ್ಲೇ ಇದೆ.

1956ರಲ್ಲಿ ಬೀದರಿನಿಂದ ಬೇರೆಯಾದ ಆ ನ್ಯಾಲಕಲ್, ಅದರ ಪಕ್ಕದ ಝರಾಸಂಗಂ, ಈ ಎರಡು ಮಂಡಲಗಳಲ್ಲಿ 12,635 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಗೊತ್ತಾಗಿದೆ. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ದೇಶದ ಹನ್ನೆರಡು ಹೊಸ ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಾಗ ಹೈದರಾಬಾದ್–ನಾಗಪುರ ಕಾರಿಡಾರಿನ ಮೇಲೆ ಜಹೀರಾಬಾದೂ ಅದರಲ್ಲೊಂದು: 3,245 ಎಕರೆ, 2,361 ಕೋಟಿ ರೂಪಾಯಿ ಅಂದಾಜು. ಈ ನಗರಗಳನ್ನು ಬೇಡಿಕೆಗೆ ಮುಂಚಿತವಾಗಿಯೇ ಕಟ್ಟಿ ಸಿದ್ಧವಾಗಿಡುವುದು ಘೋಷಿತ ನೀತಿ. ರಸ್ತೆ, ಚರಂಡಿ, ನೀರಿನ ಪೈಪು, ಕರೆಂಟು ಮೊದಲು, ಕಾರ್ಖಾನೆ ಆಮೇಲೆ. ಅಂದರೆ ಕಟ್ಟಿಸುವವನು ಒಬ್ಬ, ಮುಂದೆ ನಡೆಸುವವನು ಇನ್ನೊಬ್ಬ, ಬಂದು ಬಳಸುವವನು ಇನ್ನೂ ಬಾರದವನು. ಈ ಮೂರನೆಯವನ ಪರವಾಗಿ ಪ್ರಶ್ನೆ ಕೇಳುವವರು ಯಾರು?

ಬಾರದವನಿಗೆ ಏನು ಬೇಕೆಂದು ಊಹಿಸಲಾಗದು ಎಂದು ಕೈಚೆಲ್ಲುವುದು ಸುಲಭ. ಆದರೆ ಅವನು ಔಷಧಿ ಮಾಡಲಿ, ಟ್ರ್ಯಾಕ್ಟರ್ ಬಿಡಿಭಾಗ ಮಾಡಲಿ, ತನ್ನ ಪ್ಲಾಟಿನ ಬೇಲಿಯ ಹತ್ತಿರ ನಿಂತು ಕೇಳುವುದು ಕೆಲವೇ ಸಂಗತಿ. ನೀರಿನ ಪೈಪಿನ ವ್ಯಾಸ ಎಷ್ಟು, ಒತ್ತಡ ಎಷ್ಟು? ಚರಂಡಿಯ ತಳ ನನ್ನ ನೆಲಕ್ಕಿಂತ ಎಷ್ಟು ಕೆಳಗಿದೆ? ಫೀಡರಿನಲ್ಲಿ ಎಷ್ಟು ಕರೆಂಟು ಉಳಿದಿದೆ? ಕೇಬಲ್ಲಿಗೆ ಖಾಲಿ ಕೊಳವೆ ಯಾವುದು? ಎಲ್ಲಕ್ಕಿಂತ ಮುಖ್ಯ, ಕೆಳಗೆ ಯಾವ ಮಣ್ಣು? ಜಹೀರಾಬಾದ್ ಕಡೆ ಒಂದು ಹೊಲ ಕೆಂಪು ಜಂಬಿಟ್ಟಿಗೆಯದಾದರೆ ಇನ್ನೊಂದು ಎರೆಯದು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಭಾರದ ಯಂತ್ರ ಇಡುವವನ ಪಾಯದ ಲೆಕ್ಕವೇ ಬೇರೆ. ರಸ್ತೆ, ಸೇತುವೆಗಳಿಗಾಗಿ ಗುತ್ತಿಗೆದಾರ ಹೇಗೂ ನೆಲ ಕೊರೆದು ಮಣ್ಣು ಪರೀಕ್ಷೆ ಮಾಡಿಸುತ್ತಾನೆ. ಆ ವರದಿಗಳನ್ನು ಪ್ಲಾಟ್ ನಂಬರಿಗೆ ಜೋಡಿಸಿ, ಯಾರು ಬೇಕಾದರೂ ತೆರೆಯಬಹುದಾದ ಫೈಲಿನಲ್ಲಿ ಕೊಡತಕ್ಕದ್ದು ಎಂದು ಟೆಂಡರಿನಲ್ಲಿ ಒಂದು ವಾಕ್ಯ ಇದ್ದರೆ ಮುಂದೆ ಬರುವ ಕಾರ್ಖಾನೆಗಳಿಗೆ ಅದು ಆಸ್ತಿ. ಇಲ್ಲದಿದ್ದರೆ ಅದು ಪ್ರಯೋಗಶಾಲೆಯ ಕಟ್ಟಿನಲ್ಲಿ ಗೆದ್ದಲಿಗೆ ಆಹಾರ, ಪ್ರತಿಯೊಬ್ಬ ಹೊಸಬನೂ ಅದೇ ನೆಲವನ್ನು ಮತ್ತೆ ಕೊರೆಸುತ್ತಾನೆ. ಬಿಮ್ ಮಾದರಿಯಲ್ಲಿ ಬೀದಿದೀಪ ಹೊಳೆಯುವುದಕ್ಕಿಂತ ಈ ಒಂದು ವಾಕ್ಯ ದೊಡ್ಡದೆಂದು ನಾನು ತೀರ್ಪು ಕೊಡುತ್ತೇನೆ.

ಪೂರ್ವಪಕ್ಷ

ಕೇಳಿದಷ್ಟೂ ದರ ಏರುತ್ತದಲ್ಲ ಎಂದು ಒಂದು ಆಕ್ಷೇಪ. ಏರುತ್ತದೆ. ಆದ್ದರಿಂದಲೇ ಕಡಿಮೆ ಕೇಳಿ, ಮೊದಲು ಕೇಳಿ. ಪ್ರತಿ ಪ್ರಶ್ನೆಯ ಎದುರು ಇದನ್ನು ಯಾರು ಓದುತ್ತಾರೆ ಎಂದು ಒಂದು ಕಲಂ ಹಾಕಿ. ಆ ಕಲಮಿನಲ್ಲಿ ಮನುಷ್ಯನ ಹುದ್ದೆ ಬಾರದಿದ್ದರೆ ಪ್ರಶ್ನೆಯನ್ನು ಹೊಡೆದುಹಾಕಿ.

ಕೊನೆಗೆ ‘ಆ್ಯಸ್ ಬಿಲ್ಟ್’ ನಕ್ಷೆ ಕೊಡುತ್ತಾರಲ್ಲ, ಸಾಲದೇ ಎಂದು ಎರಡನೆಯ ಆಕ್ಷೇಪ. ಟೆಂಡರ್ ನಕ್ಷೆಯ ಮೂಲೆಯಲ್ಲಿ ಮೊಹರು ಬದಲಿಸಿದರೆ ಆ್ಯಸ್ ಬಿಲ್ಟ್ ಆಗುತ್ತದೆ ಎಂಬುದನ್ನು ಬಲ್ಲವರು ಈ ಆಕ್ಷೇಪ ಎತ್ತುವುದಿಲ್ಲ.

ಫಲಶ್ರುತಿ

ಇದನ್ನು ಮೂರು ಸಲ ಓದಿದವರಿಗೆ ಮೋಟರು ಸುಡುವುದಿಲ್ಲವೆಂದಾಗಲಿ ಬಿಲ್ಲು ಬೇಗ ಪಾಸಾಗುವುದೆಂದಾಗಲಿ ಶಾಸ್ತ್ರ ಹೇಳುವುದಿಲ್ಲ. ಟೆಂಡರ್ ಬರೆಯುವವರಲ್ಲಿ ಒಂದು ವಿನಂತಿ ಮಾತ್ರ: ಮೊದಲ ಸಭೆಗೆ ಸಲಹೆಗಾರರ ಜೊತೆ ಪಂಪ್ ಆಪರೇಟರ್ ಒಬ್ಬನನ್ನು, ಲೈನ್‌ಮನ್ ಒಬ್ಬನನ್ನು ಕರೆಯಿರಿ, ಅವರ ಪ್ರಶ್ನೆಗಳನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷು ಮಾಡಿ. ಅವರಿಗೆ ಆ ದಿನದ ಭತ್ಯೆ ಕೊಡುವುದನ್ನು ಮರೆಯಬೇಡಿ.